ನೆನಪು ನಮ್ಮ ಪರ ವಕಾಲತ್ತು ವಹಿಸಿದಾಗ

ಪ್ರಶ್ನೆ: ಬೆಂಗಳೂರಿನ ಒಂದು ಸರ್ಕಾರಿ ಸಂಸ್ಥೆಯಲ್ಲಿ 34 ವರ್ಷ ಇಂಜಿನಿಯರಾಗಿದ್ದು ನಿವೃತ್ತನಾಗಿದ್ದೇನೆ. ಈಗ ಆತ್ಮಕಥೆ ಬರೆಯುತ್ತಿದ್ದೇನೆ. 1990ರ ದಶಕದಲ್ಲಿ ಒಂದು ರಾಜಕಾಲುವೆಯ ಅಗಲವನ್ನು ನಕ್ಷೆಯಲ್ಲಿ ಕಡಿಮೆ ತೋರಿಸಿ, ಪಕ್ಕದ ಬಡಾವಣೆಗೆ ಜಾಗ ಸಿಗುವಂತೆ ಮಾಡಿದ ಕಡತವೊಂದಕ್ಕೆ ನಾನೂ ಸಹಿ ಹಾಕಿದ್ದೆ. ಸಹಿಗೆ ಮುಂಚೆ ಮೇಲಧಿಕಾರಿಯ ಎದುರು ಪ್ರತಿಭಟಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ, ಹಾಗೇ ಬರೆದಿದ್ದೇನೆ. ಆದರೆ ಆವತ್ತು ಅದೇ ಕೋಣೆಯಲ್ಲಿದ್ದ ಗೆಳೆಯ ಹಸ್ತಪ್ರತಿ ಓದಿ, 'ನೀನು ಆವತ್ತು ತುಟಿಪಿಟಕ್ಕೆನ್ನಲಿಲ್ಲ' ಎಂದ. ನಾನು ಸುಳ್ಳು ಬರೆದಂತಾಯಿತೇ? ಮೇಲಧಿಕಾರಿ ತೀರಿಕೊಂಡಿದ್ದಾರೆ, ಗುತ್ತಿಗೆದಾರ ಇದ್ದಾರೆ. ಹೆಸರು ಹಾಕಬಹುದೇ? ನನ್ನ ಹೆಂಡತಿ, 'ಹಳೇದನ್ನೆಲ್ಲ ಯಾಕೆ ಕೆದಕುತ್ತೀರಿ, ಆ ಅಧ್ಯಾಯವನ್ನೇ ತೆಗೆದುಬಿಡಿ' ಅನ್ನುತ್ತಾಳೆ. ತೆಗೆದುಬಿಡಲೇ?

ಉತ್ತರ: ನೀವು ಕಳಿಸಿದ ಪುಟಗಳನ್ನು ಎರಡು ಸಲ ಓದಿದೆ. ಮೂರನೆಯ ಸಲ ಪೆನ್ಸಿಲ್ ಹಿಡಿದು ಕೂತಾಗ ಒಂದೇ ಒಂದು ವಾಕ್ಯದ ಕೆಳಗೆ ಗೆರೆ ಎಳೆದೆ. ಮೇಲಧಿಕಾರಿಯ ಮೇಜಿನ ಮುಂದೆ ನಿಂತು ನೀವು ಆಡಿದ್ದಾಗಿ ಬರೆದ ಮಾತು ಅದು: 'ಸಾರ್, ಈ ಕಾಲುವೆ ಕಿರಿದು ಮಾಡಿದರೆ ಮುಂದೊಂದು ದಿನ ಈ ಬಡಾವಣೆಯೊಳಗೆ ದೋಣಿ ಬಿಡಬೇಕಾಗುತ್ತೆ.'

ನಿಮ್ಮ ಗೆಳೆಯರು ಏನೂ ಹೇಳದೆ ಇದ್ದಿದ್ದರೂ ನಾನು ಈ ವಾಕ್ಯದ ಹತ್ತಿರ ನಿಲ್ಲುತ್ತಿದ್ದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನಿಜಕ್ಕೂ ದೋಣಿ ಓಡಾಡಿದವು, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದರು. ಆ ಚಿತ್ರಗಳು ಈ ಊರಿನ ಎಲ್ಲರ ಕಣ್ಣೊಳಗೂ ಇವೆ. ಮೂವತ್ತು ವರ್ಷ ಹಿಂದೆ ಒಂದು ಕಚೇರಿಯಲ್ಲಿ ಆಡಿದ ಮಾತಿನೊಳಗೆ 2022ರ ದೋಣಿ ಹೇಗೆ ಬಂದು ಸೇರಿತು? ಬಂದಿರಲಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತಾರು ವರ್ಷ ಬೇರೆಯವರ ಆತ್ಮಕಥೆಗಳನ್ನು ತಿದ್ದಿದ ಮೇಲೆ ನನಗೊಂದು ಅಭ್ಯಾಸ ಬಂದಿದೆ. ಮುಂದೆ ಆಗುವುದನ್ನು ಮೊದಲೇ ಬಲ್ಲ ಮಾತು ಹಸ್ತಪ್ರತಿಯಲ್ಲಿ ಎಲ್ಲಿ ಕಂಡರೂ ಅಲ್ಲಿ ಗೆರೆ ಬೀಳುತ್ತದೆ. ಅಂಥ ಮಾತು ಸಾಮಾನ್ಯವಾಗಿ ಆವತ್ತಿನದಲ್ಲ. ಆಮೇಲೆ ಯಾವಾಗಲೋ ಮನಸ್ಸಿನಲ್ಲಿ ಹುಟ್ಟಿ, ಹಿಂದಕ್ಕೆ ಹೋಗಿ ಕೂತುಕೊಂಡದ್ದು.

ಇದು ನಿಮಗೊಬ್ಬರಿಗೆ ಆದದ್ದಲ್ಲ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಬಲವಾದ ಸಾಕ್ಷಿ ಅಮೆರಿಕದ ವಾಟರ್‌ಗೇಟ್ ಪ್ರಕರಣದ್ದು. 1972ರಲ್ಲಿ ಅಲ್ಲಿನ ವಿರೋಧ ಪಕ್ಷದ ಕಚೇರಿಗೆ ಅಧ್ಯಕ್ಷ ನಿಕ್ಸನ್ನರ ಕಡೆಯವರು ಕದ್ದು ನುಗ್ಗಿದ್ದರು, ಆಮೇಲೆ ಅದನ್ನು ಮುಚ್ಚಿಹಾಕಲು ನೋಡಿದರು. ನಿಕ್ಸನ್ನರ ಕಾನೂನು ಸಲಹೆಗಾರ ಜಾನ್ ಡೀನ್ 1973ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಯಾವ ದಿನ ಯಾರು ಏನು ಹೇಳಿದರು ಎನ್ನುವುದನ್ನು ಅವರು ಎಷ್ಟು ವಿವರವಾಗಿ ಹೇಳಿದರೆಂದರೆ, ಪತ್ರಿಕೆಗಳು ಅವರನ್ನು ನಡೆದಾಡುವ ಟೇಪ್ ರೆಕಾರ್ಡರ್ ಎಂಬಂತೆ ಬಣ್ಣಿಸಿದವು. ಮುಂದಿನ ತಿಂಗಳು ನಿಕ್ಸನ್ನರ ಕಚೇರಿಯಲ್ಲಿ ನಿಜವಾದ ಟೇಪ್ ರೆಕಾರ್ಡರೇ ಇತ್ತೆಂಬುದು ಬಯಲಾಯಿತು. ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ಡೀನ್ ಅವರ ಸಾಕ್ಷ್ಯವನ್ನೂ ಟೇಪಿನ ಬರಹರೂಪವನ್ನೂ ಅಕ್ಕಪಕ್ಕ ಇಟ್ಟು ನೋಡಿ 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1972ರ ಸೆಪ್ಟೆಂಬರ್ 15ರ ಭೇಟಿಯಲ್ಲಿ ತಾನು ಅಧ್ಯಕ್ಷರನ್ನು ಎಚ್ಚರಿಸಿದ್ದೆ, ಈ ವಿಷಯ ಮುಂದೊಂದು ದಿನ ಬಿಚ್ಚಿಕೊಳ್ಳುವುದಿಲ್ಲ ಎಂದು ಭರವಸೆ ಕೊಡಲಾರೆ ಎಂದಿದ್ದೆ ಎಂದು ಡೀನ್ ಪ್ರಮಾಣ ಮಾಡಿ ಹೇಳಿದ್ದರು. ಟೇಪಿನಲ್ಲಿ ಇದ್ದದ್ದು ಸರಿಯಾಗಿ ಇದರ ತಿರುವುಮುರುವು. ಚುನಾವಣೆ ಮುಗಿಯುವವರೆಗೆ ಅನಿರೀಕ್ಷಿತವಾಗಿ ಯಾವುದೂ ತಲೆಯ ಮೇಲೆ ಬೀಳುವುದಿಲ್ಲ ಎಂದು ಡೀನ್ ಧೈರ್ಯ ಹೇಳಿದ್ದರು. ಎಚ್ಚರಿಕೆ ಕೊಡಬೇಕಾಗಿತ್ತು ಎಂಬ ಆಮೇಲಿನ ಅರಿವು, ಎಚ್ಚರಿಕೆ ಕೊಟ್ಟೆ ಎಂಬ ನೆನಪಾಗಿ ಬದಲಾಗಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಡೀನ್ ಅವರ ಸಾಕ್ಷ್ಯದ ತಿರುಳು, ಅಂದರೆ ಅಧ್ಯಕ್ಷರೂ ಸೇರಿ ಪ್ರಕರಣವನ್ನು ಮುಚ್ಚಿಹಾಕುತ್ತಿದ್ದರು ಎಂಬುದು, ನಿಜವೇ ಆಗಿತ್ತು. ನಡೆದ ಸಂಗತಿಯ ಬಗ್ಗೆ ಅವರ ನೆನಪು ಸರಿಯಿತ್ತು; ತಮ್ಮ ಬಗ್ಗೆ ಇರಲಿಲ್ಲ. ನಿಮ್ಮ ಅಧ್ಯಾಯವೂ ಹಾಗೇ ಇರಬಹುದು. ಕಾಲುವೆ ಕಿರಿದಾದದ್ದು, ನಕ್ಷೆ ಬದಲಾದದ್ದು, ಸಹಿ ಬಿದ್ದದ್ದು, ಇವೆಲ್ಲ ಸರಿ. ಕೋಣೆಯ ನಡುವೆ ನಿಂತ ನಿಮ್ಮ ಚಿತ್ರ ಮಾತ್ರ ಅನುಮಾನ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ: ಇದುವರೆಗೆ ನೀವು ಸುಳ್ಳು ಬರೆದಿಲ್ಲ. ನೆನಪು ತಪ್ಪುವುದು ಸುಳ್ಳಲ್ಲ. ಆದರೆ ಗೆಳೆಯರ ಮಾತು ಕಿವಿಗೆ ಬಿದ್ದ ಮೇಲೂ ಆ ವಾಕ್ಯ ಇದ್ದ ಹಾಗೇ ಅಚ್ಚಾದರೆ, ಅದು ಸುಳ್ಳು. ನಮಗೆ ಅವಮಾನ ತರುವ ನೆನಪನ್ನು ನಾನು ಅಷ್ಟಾಗಿ ಪ್ರಶ್ನಿಸುವುದಿಲ್ಲ, ಅದನ್ನು ಯಾರೂ ಹವ್ಯಾಸಕ್ಕೆ ಕಟ್ಟಿಕೊಳ್ಳುವುದಿಲ್ಲ. ನಮ್ಮನ್ನು ಎತ್ತಿ ಹಿಡಿಯುವ ನೆನಪಿಗೆ ಮಾತ್ರ ಇನ್ನೊಂದು ಸಾಕ್ಷಿ ಬೇಕೇ ಬೇಕು.

ಆ ಸಾಕ್ಷಿಯನ್ನು ಹುಡುಕುವ ಅನುಕೂಲ ನಿಮಗಿದೆ. ಬಹಳಷ್ಟು ಜನಕ್ಕೆ ಅದಿರುವುದಿಲ್ಲ. ನೀವು ಕೆಲಸ ಮಾಡಿದ್ದು ಕಾಗದದ ಲೋಕದಲ್ಲಿ. ಕಡತದ ಟಿಪ್ಪಣಿ ಹಾಳೆಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 2005ರ ಕಾಯಿದೆಯ 8(3)ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಯ ಮಾಹಿತಿಗೆ ಬಹುಪಾಲು ವಿನಾಯಿತಿಗಳು ಅಡ್ಡ ಬರುವುದಿಲ್ಲ. ಇದನ್ನು ಅರ್ಜಿಯಲ್ಲೇ ಕಾಣಿಸಿ. ಕಡತ ಸಿಕ್ಕಿದರೆ ಏನು ನೋಡಬೇಕು ಎನ್ನುವುದನ್ನು ನನಗಿಂತ ಚೆನ್ನಾಗಿ ನೀವೇ ಬಲ್ಲಿರಿ. ಒಪ್ಪಿಗೆಯಿಲ್ಲದ ನೌಕರ ತನ್ನನ್ನು ಕಾಪಾಡಿಕೊಳ್ಳಲು 'ಮೇಲಧಿಕಾರಿಗಳ ಮೌಖಿಕ ಸೂಚನೆಯ ಮೇರೆಗೆ' ಎಂದು ಒಂದು ಸಾಲು ಸೇರಿಸುತ್ತಿದ್ದ. ಅಥವಾ ಕಡತ 'ಚರ್ಚಿಸಿ' ಎಂಬ ಷರಾದೊಂದಿಗೆ ಎರಡು ಸಲ ಕೆಳಗಿಳಿದು ಮೇಲೆ ಹೋಗಿರುತ್ತಿತ್ತು. ನಿಮ್ಮ ಸಹಿಯ ಮೇಲೆ ಅಂಥ ಸಾಲು ಇದೆಯೇ, ದಿನಾಂಕಗಳ ನಡುವೆ ತಡ ಇದೆಯೇ ನೋಡಿ. ಭೂದಾಖಲೆಗಳ ಇಲಾಖೆಯಿಂದ ಹಳೆಯ ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿಯ ನಕಲು ತೆಗೆಸಿ, ಆ ಕಾಲುವೆ 'ಬಿ' ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆಂದು ಬಿಟ್ಟ ಜಮೀನಿನಲ್ಲಿ, ಎಷ್ಟು ಗುಂಟೆ ಇತ್ತು ಎಂದು ಬರೆದುಕೊಳ್ಳಿ. ನಿಮ್ಮ ಹಸ್ತಪ್ರತಿಯಲ್ಲಿ 'ಕಾಲುವೆಯ ಅಗಲ ಸ್ವಲ್ಪ ಕಡಿಮೆಯಾಯಿತು' ಎಂದಿದೆ. ಇಂಜಿನಿಯರ್ ಒಬ್ಬರ ಪುಸ್ತಕದಲ್ಲಿ 'ಸ್ವಲ್ಪ' ಎನ್ನುವ ಮಾತು ಸಲ್ಲದು. ಎಷ್ಟು ಅಡಿಯಿಂದ ಎಷ್ಟು ಅಡಿಗೆ?

ಕಡತ ಸಿಗಲಿಲ್ಲ, ನಾಶ ಮಾಡಿದ್ದಾರೆ ಎಂಬ ಉತ್ತರ ಬಂದರೆ ಆ ಉತ್ತರವನ್ನೂ ಪುಸ್ತಕದಲ್ಲಿ ಹಾಕಿ.

ಇನ್ನೊಂದು ವಿಷಯ. ಇದನ್ನು ಬರೆಯಲು ಸ್ವಲ್ಪ ಹಿಂಜರಿದೆ, ಆದರೂ ನನ್ನ ಕೆಲಸವೇ ಇದು. ಸಹಿಯ ಪ್ರಸಂಗ ಮುಗಿದು ಆರು ಪುಟಗಳಾದ ಮೇಲೆ ಮಗಳ ಶಾಲೆಯ ಬಗ್ಗೆ ಬರೆಯುತ್ತಾ, ಆ ವರ್ಷ ದೂರದ ಜಿಲ್ಲೆಗೆ ಆಗಿದ್ದ ವರ್ಗಾವಣೆ 'ಹೇಗೋ ರದ್ದಾಯಿತು' ಎಂದಿದ್ದೀರಿ. ತಿಂಗಳು ನೋಡಿದೆ. ಸಹಿ ಬಿದ್ದ ತಿಂಗಳ ಮುಂದಿನ ತಿಂಗಳೇ ಅದು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ನಿಮಗೆ ತಿಳಿದಿದೆ. ಸಂಬಂಧ ಇಲ್ಲದಿದ್ದರೆ 'ಹೇಗೋ' ತೆಗೆದು, ಹೇಗೆ ಎಂದು ಬರೆಯಿರಿ. ಸಂಬಂಧ ಇದ್ದರೆ ಆ ಆರು ಪುಟಗಳ ಅಂತರವೇ ಮರೆಮಾಚುವಿಕೆ. ಆತ್ಮಕಥೆಗಳಲ್ಲಿ ಸುಳ್ಳು ಇರುವುದು ವಾಕ್ಯಗಳಲ್ಲಿ ಎಂದು ಓದುಗರು ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಅದು ಹೆಚ್ಚಾಗಿ ಜೋಡಣೆಯಲ್ಲಿರುತ್ತದೆ. ಪ್ರತಿ ವಾಕ್ಯವೂ ನಿಜ, ಆದರೆ ಒಂದರ ಪಕ್ಕ ಒಂದು ಇರಬೇಕಾದವನ್ನು ದೂರ ದೂರ ಕೂರಿಸಿರುತ್ತಾರೆ.

ಇಷ್ಟು ಹಟ ಯಾಕೆ ಎಂದು ನಿಮಗನ್ನಿಸಬಹುದು. ಬೆಂಗಳೂರು ದೊಡ್ಡ ನದಿಯಿಲ್ಲದ ಊರು. ದಿಬ್ಬದ ಮೇಲೆ ಕೂತಿದೆ. ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಕಡೆಗೆ ನೀರು ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುವ ಏರ್ಪಾಡು ಈ ಊರಿನ ಜೀವನಾಡಿಯಾಗಿತ್ತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಅವೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ಕಾಲುವೆಗಳು ಸಣ್ಣಗಾದದ್ದು ಮಾತ್ರ ಯಾರಿಗೂ ಕಾಣಲಿಲ್ಲ, ಅದು ಕಡತಗಳ ಒಳಗೆ ಆದದ್ದು. 1985ರಲ್ಲಿ ರಚನೆಯಾದ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಉಳಿಸಲು ದಾರಿ ಹೇಳಿತು. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಸರ್ಕಾರಿ ಜಮೀನಿನ ಒತ್ತುವರಿ ಲೆಕ್ಕ ಹಾಕಿತು. ಆಮೇಲೆ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಕೆರೆಗಳ ಒತ್ತುವರಿಯನ್ನೇ ಹಿಡಿದು ವರದಿ ಕೊಟ್ಟಿತು. ಈ ವರದಿಗಳಲ್ಲಿ ಎಕರೆ, ಗುಂಟೆ, ಸರ್ವೆ ನಂಬರು ಇದೆ. ಒಬ್ಬ ಓದಿದ, ಸಂಭಾವಿತ, ಲಂಚ ಮುಟ್ಟದ ಇಂಜಿನಿಯರ್ ಆ ಕಾಗದಕ್ಕೆ ಯಾಕೆ ಸಹಿ ಹಾಕಿದ ಎನ್ನುವುದು ಯಾವ ವರದಿಯಲ್ಲೂ ಇಲ್ಲ.

ಅದನ್ನು ಹೇಳಬಲ್ಲವರು ನೀವು. ಪ್ರತಿಭಟಿಸಿದ ಇಂಜಿನಿಯರ್ ಒಬ್ಬರ ಚಿತ್ರ ಈ ಊರಿಗೆ ಅಷ್ಟೇನೂ ಉಪಯೋಗವಿಲ್ಲ. ಪ್ರತಿಭಟಿಸದೆ ಸುಮ್ಮನಿದ್ದವರು ಹೇಗೆ ಸುಮ್ಮನಿದ್ದರು ಎಂಬುದು ಬೇಕು. ಆ ಕೋಣೆಯಲ್ಲಿ ಯಾರಾದರೂ ಗದರಿಸಿದರೇ? ಅಥವಾ ಯಾರೂ ಗದರಿಸುವ ಅಗತ್ಯವೇ ಇರಲಿಲ್ಲವೇ? ಕಾಫಿ ಬಂತೇ? ಪೆನ್ನು ನಿಮ್ಮದೇ ಆಗಿತ್ತೇ? ಹೊರಗೆ ಬಂದ ಮೇಲೆ ನೀವೂ ಗೆಳೆಯರೂ ಅದರ ಬಗ್ಗೆ ಮಾತಾಡಿದಿರಾ, ಅಥವಾ ಬೇರೇನೋ ಮಾತಾಡಿದಿರಾ? ಆ ಸಂಜೆ ಮನೆಯಲ್ಲಿ ಹೇಳಿದಿರಾ? ನಿಮ್ಮ ಹಸ್ತಪ್ರತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಮೌನವೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ. ಈಗ ಅದರ ಮೇಲೆ ದೋಣಿಯ ಮಾತು ಹೊದಿಸಿದ್ದೀರಿ.

ಸಾರ್ವಜನಿಕ ಹುದ್ದೆಯಲ್ಲಿದ್ದವರ ಆತ್ಮಕಥೆಯನ್ನು ನಾನು ಬೇರೆ ತೂಕದಲ್ಲಿ ತೂಗುತ್ತೇನೆ. ಎಲ್ಲರಿಗೂ ಇದೇ ಅಳತೆ ಹಿಡಿದರೆ ಅನ್ಯಾಯವಾಗುತ್ತದೆ. ಗ್ವಾಟೆಮಾಲಾದ ಮೂಲನಿವಾಸಿ ಹೋರಾಟಗಾರ್ತಿ ರಿಗೊಬೆರ್ತಾ ಮೆಂಚು ಅವರಿಗೆ 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಬಾಯಿಮಾತಿನ ಆತ್ಮಕಥೆಯಲ್ಲಿ ಕಣ್ಣಾರೆ ಕಂಡೆ ಎಂದ ಕೆಲವು ಘಟನೆಗಳು ಹಾಗೆ ನಡೆದಿರಲಿಲ್ಲ ಎಂದು ಮಾನವಶಾಸ್ತ್ರಜ್ಞ ಡೇವಿಡ್ ಸ್ಟಾಲ್ ಕೆಲವು ವರ್ಷಗಳ ನಂತರ ತೋರಿಸಿದರು. ಒಡಹುಟ್ಟಿದವನನ್ನು ಸೇನೆ ಕೊಂದದ್ದು ನಿಜ. ಅವರು ಹೇಳಿದ ರೀತಿಯಲ್ಲಿ, ಅವರ ಕಣ್ಣೆದುರು ಅಲ್ಲ. ತನ್ನದು ತನ್ನ ಜನರೆಲ್ಲರ ಕಥೆ ಎಂದು ಮೆಂಚು ಹೇಳಿದರು. 1999ರಲ್ಲಿ ಆ ದೇಶದ ಸತ್ಯಶೋಧನಾ ಆಯೋಗ ಎರಡು ಲಕ್ಷದಷ್ಟು ಜನ ಸತ್ತಿದ್ದಾರೆ ಅಥವಾ ಕಣ್ಮರೆಯಾಗಿದ್ದಾರೆ, ಬಹುಪಾಲು ದೌರ್ಜನ್ಯ ಸರ್ಕಾರದ ಕಡೆಯದು ಎಂದಿತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಿಲ್ಲ, ಪಡೆಯಬಾರದಿತ್ತು ಕೂಡ. ಆದರೂ ಕೇಳಿದ್ದನ್ನು ಕೇಳಿದ್ದೆಂದೇ ಹೇಳಿದ್ದಿದ್ದರೆ, ಕೊಂದವರ ಕೈಗೆ ಒಂದು ಆಯುಧ ಕಡಿಮೆ ಸಿಗುತ್ತಿತ್ತು ಎಂಬ ನೋವು ನನಗಿದೆ.

ದಾಖಲೆ ಇಲ್ಲದವರ ಪಾಲಿಗೆ ನೆನಪೇ ದಾಖಲೆ. ಈಗ ಫ್ರೀಡಂ ಪಾರ್ಕ್ ಆಗಿರುವ ನಮ್ಮ ಹಳೆಯ ಸೆಂಟ್ರಲ್ ಜೈಲಿನಲ್ಲಿ ತುರ್ತುಪರಿಸ್ಥಿತಿಯ ಕಾಲಕ್ಕೆ ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನು ತಿಂಗಳುಗಟ್ಟಲೆ ಇಟ್ಟಿದ್ದರು. ಅಸ್ತಮಾ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಅವರು ಒಳಗೆ ಬರೆದಿಟ್ಟ ದಿನಚರಿ ಆಮೇಲೆ ಪ್ರಕಟವಾಯಿತು. ಜೈಲಿನ ಪುಸ್ತಕಗಳಲ್ಲಿ ಅವರ ಉಸಿರಾಟದ ಕಷ್ಟ ಹೇಗೆ ದಾಖಲಾಗಿದ್ದರೂ, ಆ ಕಾಗದದ ಮೇಲೆ ಅಧಿಕಾರ ಅವರದ್ದಾಗಿರಲಿಲ್ಲ. ಕಡತ ಯಾರ ಕೈಯಲ್ಲಿತ್ತೋ ಸಾಬೀತುಪಡಿಸುವ ಹೊರೆಯೂ ಅವರದ್ದೇ. ಕೇರಿಯಲ್ಲಿ ಬೆಳೆದವರು 'ನಮಗೆ ಬಾವಿಯ ನೀರು ಕೊಡಲಿಲ್ಲ' ಎಂದು ಬರೆದಾಗ ನಾನು ಯಾವ ಕಾಗದವನ್ನೂ ಕೇಳುವುದಿಲ್ಲ. ನಿಮ್ಮಿಂದ ಕೇಳುತ್ತೇನೆ.

ನನ್ನದೇ ಒಂದು ತಪ್ಪು ಹೇಳಬೇಕು. ವೃತ್ತಿಯ ಆರಂಭದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ನೆನಪುಗಳನ್ನು ತಿದ್ದಿಕೊಟ್ಟೆ. ಕಳೆದುಹೋದ ಕಡತದ ಒಂದು ಪ್ರಸಂಗವಿತ್ತು. ಗುಮಾಸ್ತರೊಬ್ಬರು ಅದನ್ನು ಮಾರಿಕೊಂಡರು ಎಂದು ಅರ್ಧ ಸಾಲಿನಲ್ಲಿತ್ತು. ಹೆಸರಿರಲಿಲ್ಲ, ಆದರೆ ಊರು, ವರ್ಷ, ಮೆಳ್ಳಗಣ್ಣು ಎಲ್ಲ ಇತ್ತು. ಸೊಗಸಾದ ಅರ್ಧ ಸಾಲು ಎಂದು ನಾನೇ ಉಳಿಸಿದ್ದೆ. ಪುಸ್ತಕ ಬಂದ ಮರುವರ್ಷ ಆ ಗುಮಾಸ್ತರ ಮಗಳು ತ್ಯಾಗರಾಜನಗರದ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಎರಡು ಕಾಗದ. ಒಂದು ಅವರ ತಂದೆಯ ಅಮಾನತು ಆದೇಶ, ಇನ್ನೊಂದು ಎರಡು ವರ್ಷದ ನಂತರ ಇಲಾಖಾ ವಿಚಾರಣೆಯಲ್ಲಿ ನಿರ್ದೋಷಿ ಎಂದು ಬಂದ ಆದೇಶ. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. 'ಅಪ್ಪ ಈ ಎರಡನೇ ಕಾಗದಾನ ದೇವರ ಫೋಟೋ ಹಿಂದೆ ಇಟ್ಕೊಂಡಿದ್ರು' ಅಂದರು. ಕಾಫಿ ಬೇಡ ಅಂದರು. ಎರಡನೇ ಮುದ್ರಣದಲ್ಲಿ ಆ ಸಾಲು ತೆಗೆಸಿ ತಿದ್ದೋಲೆ ಹಾಕಿಸಿದೆ. ಮೊದಲ ಮುದ್ರಣದ ಪ್ರತಿಗಳು ಗ್ರಂಥಾಲಯಗಳಲ್ಲಿ ಈಗಲೂ ಇವೆ. ಲೇಖಕರು ಕೆಟ್ಟವರಲ್ಲ, ಅವರು ಅಮಾನತಿನ ಸುದ್ದಿ ಮಾತ್ರ ಕೇಳಿದ್ದರು. ಕೇಳಿ ನೋಡುವ ಕೆಲಸ ನನ್ನದಾಗಿತ್ತು.

ಅಲ್ಲಿಂದ ನಿಮ್ಮ ಹೆಸರಿನ ಪ್ರಶ್ನೆಗೆ ಬರುತ್ತೇನೆ. ಆತ್ಮಕಥೆಯ ಬಗ್ಗೆಯೇ ನಮ್ಮ ಸುಪ್ರೀಂ ಕೋರ್ಟಿನ ಒಂದು ದೊಡ್ಡ ತೀರ್ಪಿದೆ. ತಮಿಳುನಾಡಿನ ಆಟೋ ಶಂಕರ್ ಎಂಬ ಮರಣದಂಡನೆಯ ಕೈದಿ ಜೈಲಿನಲ್ಲಿ ತನ್ನ ಕಥೆ ಬರೆದ. ಅದರಲ್ಲಿ ಕೆಲವು ಅಧಿಕಾರಿಗಳ ಜೊತೆಗಿನ ನಂಟಿನ ವಿವರವಿತ್ತು. ಪತ್ರಿಕೆಯೊಂದು ಪ್ರಕಟಿಸಲು ಹೊರಟಾಗ ಜೈಲು ಇಲಾಖೆ ಅಡ್ಡ ಬಂತು. ಆ ಪತ್ರಿಕೆಯ ಸಂಪಾದಕರ ಹೆಸರಿನಿಂದ ಕರೆಯುವ, 1994ರ ಅಕ್ಟೋಬರಿನ ರಾಜಗೋಪಾಲ್ ತೀರ್ಪು ಹೇಳಿದ್ದು ಇಷ್ಟು: ಅಧಿಕಾರಿಗಳು ಪ್ರಕಟಣೆಗೆ ಮುಂಚೆಯೇ ತಡೆ ತರುವಂತಿಲ್ಲ, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಒಪ್ಪಿಗೆಯಿಲ್ಲದೆಯೂ ಬರೆಯಬಹುದು, ಹುದ್ದೆಯ ಕೆಲಸದ ಬಗ್ಗೆ ಬರೆದಾಗ ಅಧಿಕಾರಿಗೆ ಖಾಸಗಿತನದ ರಕ್ಷಣೆ ಸಿಗದು, ಬರೆದವನು ಸತ್ಯಾಸತ್ಯತೆಯನ್ನು ಲೆಕ್ಕಿಸದೆ ಬರೆದಿದ್ದರೆ ಮಾತು ಬೇರೆ. ಅದರಾಚೆಗಿನ ಮನೆ, ಸಂಸಾರ, ಕಾಯಿಲೆ ಖಾಸಗಿ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮಾನನಷ್ಟದ ವಿಷಯದಲ್ಲಿ ಬರೆಯುವವರು ಸಾಮಾನ್ಯವಾಗಿ ತಪ್ಪು ತಿಳಿದಿರುತ್ತಾರೆ. 'ನಿಜ ಬರೆದರೆ ಯಾರೂ ಏನೂ ಮಾಡೋಕಾಗಲ್ಲ' ಎನ್ನುವುದು ಸಿವಿಲ್ ದಾವೆಗೆ ಸರಿ. ಕ್ರಿಮಿನಲ್ ಮೊಕದ್ದಮೆಯಲ್ಲಿ, ಅಂದರೆ ಹಿಂದಿನ ದಂಡ ಸಂಹಿತೆಯ 499, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ, ಸತ್ಯದ ಆಸರೆ ಬೇಕೆಂದರೆ ಅದರ ಜೊತೆಗೆ ಸಾರ್ವಜನಿಕ ಹಿತವನ್ನೂ ತೋರಿಸಬೇಕು. ಸತ್ತವರ ಬಗ್ಗೆ ಬರೆದದ್ದೂ ಅವರ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ ಅಪರಾಧವಾಗಬಹುದು. ಈ ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಆದರೆ ಅದು ಕೇಳುವ ಪ್ರಶ್ನೆ ಬರೆಯುವವರಿಗೂ ಒಳ್ಳೆಯದೇ. ಮೇಲಧಿಕಾರಿ ಕಡತದಲ್ಲಿ ಏನು ಬರೆದರು ಎನ್ನುವುದು ಊರಿಗೆ ಬೇಕಾದದ್ದು, ದಾಖಲೆ ಕೈಯಲ್ಲಿದ್ದರೆ ಹೆಸರು ಹಾಕಿ. ಅವರ ಕುಡಿತದ ಬಗ್ಗೆ ಮೂರು ಸಾಲು ಬರೆದಿದ್ದೀರಿ. ಕಾಲುವೆಗೂ ಅದಕ್ಕೂ ಏನೂ ಸಂಬಂಧವಿಲ್ಲ, ತೆಗೆಯಿರಿ. ಗುತ್ತಿಗೆದಾರರು ದುಡ್ಡು ಕೊಟ್ಟರು ಎಂದು 'ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು' ಎಂದಿದ್ದೀರಿ. ಎಲ್ಲರೂ ಅಂದರೆ ಯಾರು? ನೀವು ನೋಡಿಲ್ಲ, ಕಾಗದವಿಲ್ಲ. ಆ ಸಾಲೂ ಬೇಡ. ಹೆಸರು ಬದಲಿಸಿ ಉಳಿಸಿಕೊಳ್ಳೋಣ ಎನ್ನಬೇಡಿ, ನಿಮ್ಮ ಬಡಾವಣೆಯ ಹಳಬರಿಗೆಲ್ಲ ಆ ವ್ಯಕ್ತಿ ಯಾರೆಂದು ಗೊತ್ತಾಗುತ್ತದೆ.

ನಿಮಗೇ ತೊಂದರೆ ಬರಬಹುದೇ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಂತೆ ನಿವೃತ್ತಿಯಾದ ಮೇಲೆ, ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗೆ ಹೊಸದಾಗಿ ಇ‌ಲಾಖಾ ವಿಚಾರಣೆ ಶುರು ಮಾಡುವಂತಿಲ್ಲ. ಆದರೆ ಗಂಭೀರ ಅಪರಾಧಗಳಿಗೆ ಕಾಲಮಿತಿ ಇಲ್ಲ, ಪುಸ್ತಕದಲ್ಲಿ ಒಪ್ಪಿಕೊಂಡದ್ದು ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗಬಹುದು. ನಿಮ್ಮ ಸಂಸ್ಥೆಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನೂ ಸೇರಿಸಿ, ಅಚ್ಚಿಗೆ ಹೋಗುವ ಮುಂಚೆ ಈ ಒಂದು ಅಧ್ಯಾಯವನ್ನು ವಕೀಲರೊಬ್ಬರಿಗೆ ತೋರಿಸಿ. ಸತ್ಯ ಹೇಳುವವರು ಅದರ ಬೆಲೆ ತಿಳಿದೇ ಹೇಳಬೇಕು. ಬೇರೆಯವರಿಗೆ ಧೈರ್ಯ ಹೇಳುವುದು ಸುಲಭ, ಅದಕ್ಕೇ ನಾನು ಇಲ್ಲಿ ನಿಮ್ಮನ್ನು ದೂಡುವುದಿಲ್ಲ.

ಓದುಗರಿಗೆ ಮೋಸವಾದರೆ ಯಾರೂ ಕೇಳುವುದಿಲ್ಲವಲ್ಲ ಎಂದು ಕೆಲವು ಲೇಖಕರು ನನ್ನ ಹತ್ತಿರ ವಾದ ಮಾಡಿದ್ದಾರೆ. ಅರ್ಧ ನಿಜ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಶಾಲೆ ಕಟ್ಟಿದ ಕಥೆ ಬರೆದು ಜಗತ್ಪ್ರಸಿದ್ಧರಾದ ಗ್ರೆಗ್ ಮಾರ್ಟೆನ್ಸನ್ ಅವರ ಪುಸ್ತಕದ ಕೆಲವು ಪ್ರಸಂಗಗಳು ನಂಬತಕ್ಕವಲ್ಲ ಎಂಬ ತನಿಖಾ ವರದಿ 2011ರಲ್ಲಿ ಬಂತು. ಮೋಸ ಹೋದೆವೆಂದು ಓದುಗರು ಹೂಡಿದ ದಾವೆಯನ್ನು ಅಮೆರಿಕದ ನ್ಯಾಯಾಲಯ ವಜಾ ಮಾಡಿತು. ಆದರೆ ದಾನದ ಹಣದ ಲೆಕ್ಕ ಕೇಳಿದ ಮೊಂಟಾನಾ ರಾಜ್ಯದ ಅಟಾರ್ನಿ ಜನರಲ್ ಮುಂದೆ ಅವರು ಹತ್ತು ಲಕ್ಷ ಡಾಲರಿನಷ್ಟು ಹಣವನ್ನು ತಮ್ಮದೇ ದತ್ತಿಸಂಸ್ಥೆಗೆ ಹಿಂತಿರುಗಿಸಲು ಒಪ್ಪಬೇಕಾಯಿತು. ಕಥೆ ಕಥೆಯಾಗಿ ಉಳಿದಷ್ಟು ದಿನ ಕಾನೂನು ಸುಮ್ಮನಿರುತ್ತದೆ. ಅದು ಜನರ ಹಣಕ್ಕೋ ಜಾಗಕ್ಕೋ ಕೈಹಾಕಿದ ಕಡೆ ಲೆಕ್ಕ ಕೊಡಬೇಕಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಅಂಥ ಕಡೆ ಒಂದೇ ಇದೆ, ಆ ಕಾಲುವೆ.

ಈಗ ಬರೆಯುವುದು ಹೇಗೆ? ಎರಡು ನೆನಪನ್ನೂ ಇಡಿ. ನೆನಪನ್ನು ಅಳಿಸಿಹಾಕುವುದೂ ಪ್ರಾಮಾಣಿಕತೆಯಲ್ಲ, ಅದು ಮೂವತ್ತು ವರ್ಷ ನಿಮ್ಮ ಜೊತೆ ಬದುಕಿದೆ, ನಿಮ್ಮನ್ನು ಕಾಪಾಡಿದೆ. ಹೀಗೆ ಬರೆಯಬಹುದು: 'ನಾನು ಪ್ರತಿಭಟಿಸಿದೆ ಎಂದು ನನಗೆ ನೆನಪಿದೆ. ಆವತ್ತು ಪಕ್ಕದಲ್ಲಿದ್ದ ಗೆಳೆಯ, ನಾನು ಒಂದು ಮಾತೂ ಆಡಲಿಲ್ಲ ಎನ್ನುತ್ತಾನೆ. ಕಡತ ತೆಗೆಸಿ ನೋಡಿದೆ. ನನ್ನ ಸಹಿಯ ಮೇಲೆ ಯಾವ ಷರಾವೂ ಇಲ್ಲ. ಸಹಿ ನನ್ನದೇ.' ಇದರ ಮುಂದೆ ಒಂದು ವಿವರಣೆಯೂ ಬೇಡ. ಸಮಜಾಯಿಷಿಯ ಸಾಲುಗಳು ನಿಮ್ಮ ಕರಡಿನಲ್ಲಿ ಎಂಟು ಇವೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನಲ್ಲದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರು, ಇತ್ಯಾದಿ. ನಿಜವೇ ಇರಬಹುದು. ಓದುಗರು ತಾವಾಗಿ ಅಷ್ಟನ್ನು ಯೋಚಿಸಬಲ್ಲರು, ಅದನ್ನು ಅವರಿಗೆ ಬಿಡಿ. ಗೆಳೆಯರಿಗೆ ಹೊಸ ಪುಟ ತೋರಿಸಿ. ಅವರ ಹೆಸರು ಹಾಕಲು ಅವರ ಒಪ್ಪಿಗೆ ಬೇಕು. ಅದೇ ಕೋಣೆಯಲ್ಲಿ ಅವರೂ ಇದ್ದರು, ಅವರೂ ಸುಮ್ಮನಿದ್ದರು.

ಗಾಂಧೀಜಿ ತಮ್ಮ ಆತ್ಮಕಥೆಯನ್ನು 1925ರಿಂದ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದರು. ಬರೆಯುತ್ತ ಬರೆಯುತ್ತ ನಡುವೆಯೇ ಒಂದು ಕಡೆ ನಿಂತು, ನೆನಪಿರುವುದನ್ನೆಲ್ಲ ತಾವು ಬರೆಯುತ್ತಿಲ್ಲ, ಸತ್ಯದ ಹಿತಕ್ಕೆ ಎಷ್ಟು ಹೇಳಬೇಕು ಎಷ್ಟು ಬಿಡಬೇಕು ಎಂದು ಯಾರು ಹೇಳಬಲ್ಲರು ಎಂದು ಓದುಗರ ಮುಂದೆಯೇ ಕೇಳಿಕೊಂಡರು. ಬಿಟ್ಟಿದ್ದೇನೆ ಎಂದು ಹೇಳಿ ಬಿಡುವುದಕ್ಕೂ ಹೇಳದೆ ಬಿಡುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಮುನ್ನುಡಿಯಲ್ಲಿ 'ನನ್ನ ಸಂಸಾರದ ಕೆಲವು ಸಂಗತಿಗಳನ್ನು ಬರೆದಿಲ್ಲ' ಎಂಬ ಒಂದು ಸಾಲಿದ್ದರೆ ಸಾಕು.

ನಿಮ್ಮ ಹೆಂಡತಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಅವರ ಕಾಯಿಲೆಯ ಬಗ್ಗೆ ನೀವು ಬರೆದಿರುವ ಏಳು ಪುಟಗಳು ಅವರವು. ಅಲ್ಲಿ ಅವರು ಬೇಡ ಅಂದರೆ ಬೇಡ, ಎಷ್ಟೇ ಚೆನ್ನಾಗಿ ಬಂದಿದ್ದರೂ ಸರಿ. ಕಾಲುವೆಯ ಅಧ್ಯಾಯ ಬೇರೆ. ಅದು ನಿಮ್ಮಿಬ್ಬರದ್ದೂ ಅಲ್ಲ. ಆ ತಗ್ಗಿನ ರಸ್ತೆಯಲ್ಲಿ ಮಳೆಗಾಲ ಬಂತೆಂದರೆ ಹಾಸಿಗೆ ಎತ್ತಿ ಅಟ್ಟದ ಮೇಲಿಡುವ ಮನೆಗಳಿಗೆ ಸೇರಿದ್ದು. ತೆಗೆಯಬೇಡಿ. ಆದರೆ ಅಚ್ಚಿಗೆ ಕೊಡುವ ಮುಂಚೆ, ಹೊಸದಾಗಿ ಬರೆದ ಪುಟವನ್ನು ಮೊದಲು ಅವರಿಗೆ ಓದಿ ಹೇಳಿ. ವರ್ಗಾವಣೆ ರದ್ದಾದದ್ದು ಹೇಗೆ ಎಂದು ಅವರಿಗೆ ಇಷ್ಟು ವರ್ಷ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿಲ್ಲದಿದ್ದರೆ ಪುಸ್ತಕದಲ್ಲಿ ಓದಿ ತಿಳಿಯುವಂತೆ ಆಗಬಾರದು.